ಹನ್ನೊಂದು ಹಸಿರು ಉಂಡೆಗಳು

ಹೊಸ ಮಣ್ಣಿನ ಮುಚ್ಚಳ. ಅದರಲ್ಲಿ ಬೇವಿನ ಸೊಪ್ಪು. ಸೊಪ್ಪಿನ ಮೇಲೆ ಹನ್ನೊಂದು ಉಂಡೆಗಳು—ಹಸಿರು ಬಣ್ಣದವು, ಕೆಲವು ಕಡಲೆಯಷ್ಟು, ಕೆಲವು ಬೋರೆಹಣ್ಣಿನಷ್ಟು.

ಅರಳೆ ವ್ಯಾಪಾರಿ ದೇವೇಂದ್ರಪ್ಪನ ಮನೆಯ ಹಿತ್ತಲಿಗೆ ಎರಡು ದಿನದಿಂದ ಅರ್ಧ ಕೊಪ್ಪಳವೇ ಬಂದು ಹೋಗುತ್ತಿತ್ತು. ಬಂದವರು ಮೂಗಿಗೆ ಸೆರಗು ಹಿಡಿದು, ಬಗ್ಗಿ ನೋಡಿ, ಹಿಂದೆ ಸರಿದು, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಆ ಬಾಗಿಲ ಹಿಂದೆ ದೇವೇಂದ್ರಪ್ಪನ ಹೆಂಡತಿ, ಮನೆಯ ಸೊಸೆ ಶೇಖರಮ್ಮ ಹತ್ತು ತಿಂಗಳ ಮಗನನ್ನು ಎದೆಗವಚಿಕೊಂಡು ನಿಂತಿದ್ದಳು.

ಉಂಡೆಗಳು ಬಂದದ್ದು ಅತ್ತೆ ಶಿವಬಸಮ್ಮನ ಹೊಟ್ಟೆಯಿಂದ. ತರಿಸಿದವನು ಕುಷ್ಟಗಿ ಕಡೆಯ ದೊಡ್ಡಬಸಪ್ಪ, ಮದ್ದು ತೆಗೆಯುವುದರಲ್ಲಿ ಹೆಸರಾದವನು. ಉಣ್ಣುವ ಅನ್ನದಲ್ಲಿ ಯಾರೋ ಕದ್ದು ಬೆರೆಸಿದ ಮದ್ದು ಹೊಟ್ಟೆಯೊಳಗೆ ಗಟ್ಟಿಯಾಗಿ ಕೂತು ಮನುಷ್ಯನನ್ನು ಸವೆಸುತ್ತದೆ ಎಂದು ಆ ಸೀಮೆಯಲ್ಲಿ ನಂಬದವರು ಕಡಿಮೆ. ಸಾವಿರದ ಒಂಬೈನೂರ ನಲವತ್ತೊಂದರಲ್ಲಂತೂ ಇನ್ನೂ ಕಡಿಮೆ.

"ಹನ್ನೊಂದ್ ಸಲ ಹಾಕ್ಯಾರ್ರಿ," ಎಂದು ದೊಡ್ಡಬಸಪ್ಪ ಬಂದವರಿಗೆಲ್ಲ ಬೆರಳು ಮಡಚಿ ಹೇಳುತ್ತಿದ್ದ. "ಪಂಚಮಿಗೆ ಒಂದು, ಚೌತಿಗೆ ಒಂದು, ಮಾನೌಮಿಗೆ ಒಂದು... ಕಡೀದು ಮೊನ್ನಿ ಎಳ್ಳಮಾಸಿಗೆ. ಆ ದಿನ ಒಲಿ ಮುಂದ ಯಾರಿದ್ರು? ನೀವ ನೆನಪ ಮಾಡ್ಕೋರಿ."

ನೆನಪು ಮಾಡಿಕೊಳ್ಳುವ ಶ್ರಮವೇ ಬೇಕಿರಲಿಲ್ಲ. ದಿನನಿತ್ಯದ ರೊಟ್ಟಿ, ಪಲ್ಯ ದೇವೇಂದ್ರಪ್ಪನ ವಿಧವೆ ಸೋದರತ್ತೆ ಬಸವಣ್ಣೆಮ್ಮನ ಕೆಲಸ. ಹಬ್ಬದ ಹೋಳಿಗೆ, ಕಡುಬು ಸೊಸೆಯ ಕೆಲಸ. ಶಿವಬಸಮ್ಮ ಹೊಟ್ಟೆ ಹಿಡಿದುಕೊಂಡು ಹೊರಳಾಡಿದ್ದು ಬರೀ ಹಬ್ಬಗಳಂದು. ಲೆಕ್ಕ ಎಷ್ಟು ಚೊಕ್ಕವಾಗಿತ್ತೆಂದರೆ ಯಾರಿಗೂ ಎರಡನೇ ಸಲ ಯೋಚಿಸುವ ಅಗತ್ಯವೇ ಕಾಣಲಿಲ್ಲ.

ಕಂಡದ್ದು ಒಬ್ಬಳಿಗೆ—ಸರ್ಕಾರಿ ದವಾಖಾನೆಯ ನರ್ಸ್ ಜೈನಾಬೀಗೆ. ಡಾಕ್ಟರು ಪ್ಲೇಗಿನ ಸೂಜಿ ಹಾಕಲು ಯಲಬುರ್ಗಾ ಕಡೆ ಹೋಗಿದ್ದರು. ಶೇಖರಮ್ಮನ ಮಗುವಿಗೆ ಸಿಡುಬು ಬಾರದಂತೆ ದೇವಿ ಹಾಕಿದ ಗಾಯ ಒಣಗಿದೆಯೋ ಇಲ್ಲವೋ ನೋಡೋಣವೆಂದು ಬಂದ ಜೈನಾಬೀ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ದವಾಖಾನೆಯಲ್ಲಿ ಆ ಮಗುವನ್ನು ಈ ಲೋಕಕ್ಕೆ ತಂದವಳೂ ಅವಳೇ.

"ಏನವ್ವ ಇದು?"

"ಅತ್ತಿಗೆ ನಾ ಮದ್ದು ಹಾಕೀನಂತ್ರಿ ಅಕ್ಕಾರ."

"ಹಾಕೀಯೇನು?"

ಶೇಖರಮ್ಮ ತಲೆ ಎತ್ತಿದಳು. ಎರಡು ದಿನದಲ್ಲಿ ಅವಳನ್ನು ನೇರವಾಗಿ ಕೇಳಿದವರು ಇವಳೊಬ್ಬಳೇ. ಉಳಿದವರೆಲ್ಲ ತಾವೇ ಉತ್ತರ ಹೇಳಿಕೊಂಡಿದ್ದರು.

"ಆಕಿ ನಮ್ಮಪ್ಪನ ಸ್ವಂತ ಅಕ್ಕ. ನನ್ನ ಎತ್ತಿ ಆಡಿಸಿದಾಕಿ. ಶ್ರಾವಣದಾಗ ನಮ್ಮ ಮನಿಯವರಿಗೆ ಗಂಗಾವತಿ ಕಡಿಂದ ಇನ್ನೊಂದು ಸಂಬಂಧ ಬಂದಿತ್ತು, ಗದ್ದಿ ಅದಾವ, ಅಕ್ಕಿ ಗಿರಣಿ ಐತಿ ಅಂತ. 'ನನ್ನ ತಮ್ಮನ ಮಗಳ ಮ್ಯಾಲ ಸವತಿ ಬರಬೇಕಂದ್ರ ನನ್ನ ಹೆಣ ದಾಟಿ ಬರಬೇಕು' ಅಂತ ಹೇಳಿ ಅತ್ತಿ ಬಂದವರನ್ನ ಬಾಗಿಲದಾಗ ನಿಲ್ಲಿಸಿ ಕಳಿಸಿದ್ಲು. ಅಂಥಾಕಿಗೆ ನಾ ಮದ್ದು ಹಾಕ್ಲೇನ್ರಿ?"

"ಮುಂದೇನಂತ?"

"ನಾಡದು ಅಳವಂಡಿಯಿಂದ ನಮ್ಮಪ್ಪ ಬರ್ತಾನ. ಹಿರ್‍ಯಾರು ಕೂಡ್ತಾರ. ನನ್ನ ತವರಿಗೆ ಕಳಿಸ್ತಾರಂತ." ಅವಳು ಮಗುವಿನ ಬೆನ್ನು ಸವರಿದಳು. "ಇವನ್ನ ಇಲ್ಲೇ ಬಿಟ್ಟು ಹೋಗಬೇಕಂತ."

ಪಡಸಾಲೆಯಿಂದ ಶಿವಬಸಮ್ಮನ ದನಿ ಕೇಳಿಸಿತು—ನೀರು. ಶೇಖರಮ್ಮ ಮಗುವನ್ನು ಜೈನಾಬೀ ಕೈಗೆ ಕೊಟ್ಟು ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೋದಳು. ಮಂಚದ ಮುಂದೆ ನಿಂತು, ತಂಬಿಗೆ ಮೇಲೆತ್ತಿ, ಒಂದು ಗುಟುಕು ತನ್ನ ಬಾಯಿಗೆ ಸುರಿದುಕೊಂಡು ನುಂಗಿದಳು. ಬಾಯಿ ತೆರೆದು ತೋರಿಸಿದಳು. ಆಮೇಲೆ ತಂಬಿಗೆಯನ್ನು ಅತ್ತೆಯ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟಳು.

"ಇದೇನ್ ಆಟ?" ಎಂದಳು ಹಿಂದೆಯೇ ಬಂದ ಜೈನಾಬೀ.

"ನಾನ ಹೇಳೀನಿ," ಎಂದ ಲೋಡಿಗೆ ಒರಗಿ ಕೂತಿದ್ದ ದೇವೇಂದ್ರಪ್ಪ. ಮೃದು ಮಾತಿನ ಮನುಷ್ಯ, ನಗುವಾಗಲೂ ಹಲ್ಲು ಕಾಣದಂತೆ ನಗುವವನು. "ಅವ್ವನ ಜೀವದ ಮಾತು, ನರ್ಸಮ್ಮ. ಏನ್ ಮಾಡೂದು?"

ಜೈನಾಬೀಗೆ ಮೈಯೆಲ್ಲ ಉರಿಯಿತು. ಮನೆಯ ಮಗಳಂಥವಳನ್ನು ದಿನಕ್ಕೆ ಹತ್ತು ಸಲ ಕಳ್ಳಿಯನ್ನಾಗಿ ನಿಲ್ಲಿಸುವುದು! ಆದರೂ ಸಿಟ್ಟನ್ನು ನುಂಗಿಕೊಂಡು, ಮಗುವನ್ನು ಶೇಖರಮ್ಮನಿಗೆ ಮರಳಿ ಕೊಟ್ಟು ಮಂಚದ ಬಳಿ ಕೂತಳು. ಮುದುಕಿಯ ಕಣ್ಣಿನ ಬಿಳಿ ಗುಡ್ಡೆ ಅರಿಶಿನದ ನೀರಿನಂತೆ ಹಳದಿಯಾಗಿತ್ತು.

"ನೋವು ಎಲ್ಲಿ ಬರ್ತೈತ್ರಿ ಅಮ್ಮಾರ?"

"ಇಲ್ಲೇ, ಬಲಗಡಿ ಪಕ್ಕೆಲಬಿನ ಕೆಳಗ. ಅಲ್ಲಿಂದ ಹಿಂದಕ್ಕ ಹೋಗಿ ಬಲ ಹೆಗಲ ಹಿಡೀತೈತಿ."

"ಉಂಡ ಕೂಡಲೇನು?"

"ಇಲ್ಲ. ಉಂಡು ತಾಸು, ಎಲ್ಡ್ ತಾಸಿಗೆ. ವಾಂತಿ ಬ್ಯಾರೆ. ಅರ್ಧ ದಿನ ಒದ್ದಾಡಿ ತಾನ ಬಿಡ್ತೈತಿ."

"ಈ ಹಳದಿ ಯಾವಾಗಿಂದ?"

"ನಿನ್ನಿಯಿಂದ. ಉಚ್ಚಿನೂ ಕೆಂಪಗ ಹೋಗ್ತೈತಿ."

"ಅದು ನಂಜು ಇಳಿಯಾಕ ಹತ್ತೈತ್ರಿ," ಎಂದ ಬಾಗಿಲಲ್ಲಿ ನಿಂತ ದೊಡ್ಡಬಸಪ್ಪ.

ಜೈನಾಬೀ ಅವನ ಕಡೆ ತಿರುಗಲಿಲ್ಲ. ಶಿವಬಸಮ್ಮನ ಬಲ ಪಕ್ಕೆಲುಬಿನ ಅಂಚಿನಡಿ ನಾಲ್ಕು ಬೆರಳು ಊರಿದಳು. ಇನ್ನೂ ಏನೂ ಹೇಳಿರಲಿಲ್ಲ, ಮುದುಕಿ ತಾನೇ ಉದ್ದಕ್ಕೆ ಉಸಿರೆಳೆದುಕೊಂಡಳು. ಅರ್ಧಕ್ಕೆ ಉಸಿರು ಕಟ್ಟಿತು. "ಅಯ್ಯೋ ಶಿವನ," ಎಂದು ಜೈನಾಬೀಯ ಕೈ ಹಿಡಿದುಕೊಂಡಳು.

ಜೈನಾಬೀ ಬೆರಳು ತೆಗೆದು, ಮುದುಕಿಯ ಸೀರೆ ಸರಿಪಡಿಸಿದಳು.

"ಸಾವಕಾರ್ರ, ಅವ್ವನ್ನ ಗದಗಿನ ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ. ತಡಾ ಮಾಡಬ್ಯಾಡ್ರಿ."

"ಅವ್ವ ದವಾಖಾನಿ ಅಂದ್ರ ಹೆದರ್ತಾಳ," ಎಂದ ದೇವೇಂದ್ರಪ್ಪ. "ಇಷ್ಟ್ ವಯಸ್ಸಾದ್ರೂ ಒಮ್ಮಿನೂ ದವಾಖಾನಿ ಹೊಸ್ತಿಲ ತುಳಿದಾಕಿ ಅಲ್ಲ."

ಶಿವಬಸಮ್ಮ ಮಗನ ಮುಖ ನೋಡಿ ಕಣ್ಣು ಮುಚ್ಚಿಕೊಂಡಳು.

ಹಿತ್ತಲಲ್ಲಿ ಬಸವಣ್ಣೆಮ್ಮ ಪಾತ್ರೆ ತಿಕ್ಕುತ್ತಿದ್ದಳು. ಅಡುಗೆಮನೆ ಅವಳ ರಾಜ್ಯ. ಉಪ್ಪಿನಿಂದ ಉಪ್ಪಿನಕಾಯಿಯವರೆಗೆ ಎಲ್ಲವೂ ಅವಳ ಕೈಯಲ್ಲೇ ಹಾದುಹೋಗಬೇಕು. ಮದ್ದು ಹಾಕಲು ಸೊಸೆಗೆ ವರ್ಷಕ್ಕೆ ಹನ್ನೊಂದು ದಿನವಾದರೆ ಇವಳಿಗೆ ಉಳಿದ ದಿನವೆಲ್ಲ ಇತ್ತು. ಆದರೂ ಇವಳ ಮೇಲೆ ಯಾರೂ ಬೊಟ್ಟು ಮಾಡಿರಲಿಲ್ಲ.

"ಅತ್ತೀ, ಹಬ್ಬ ಬಿಟ್ಟು ಬ್ಯಾರೆ ದಿನ ಅಮ್ಮಾರಿಗೆ ನೋವು ಬಂದಿದ್ದಿಲ್ಲೇನು?" ಎಂದು ಕೇಳಿದಳು ಜೈನಾಬೀ.

"ಒಮ್ಮೆ ಬಂದಿತ್ತು. ಕಿನ್ನಾಳದಾಗ ಮದುವಿ ಊಟ ಉಂಡು. ಗಾಡಿಯಾಗ ಮಲಗಿಸ್ಕೊಂಡ ಬಂದ್ವಿ."

"ಆವಾಗ ಶೇಖರಮ್ಮ?"

"ಆಕಿ ಬಾಣಂತಿ, ಅಳವಂಡ್ಯಾಗಿದ್ಲು." ಹೇಳಿದ ಮೇಲೆ ಬಸವಣ್ಣೆಮ್ಮನ ಕೈ ನಿಂತಿತು. "ಹೌದಲ್ಲ," ಎಂದಳು ಮೆಲ್ಲಗೆ.

"ಕಿನ್ನಾಳದಾಗ ಏನ್ ಉಂಡಿದ್ರು?"

"ಹೋಳಿಗಿ, ತುಪ್ಪ. ಮದುವ್ಯಾಗ ಮತ್ತೇನ್ ಇರ್ತೈತಿ?"

"ಮನ್ಯಾಗ ತುಪ್ಪ ಯಾರು ಬಡಸೂದು?"

ಬಸವಣ್ಣೆಮ್ಮನ ಮುಖ ಅರಳಿತು. "ಅದೊಂದು ನಮ್ಮ ದೇವೂನ ಕೆಲಸ. ಅವ್ವ ಸೊರಗ್ಯಾಳ ಅಂತ ಮಾನೌಮಿಯಿಂದ ಈಚೆ ತಾನ ಎದ್ದು ತುಪ್ಪದ ಗಿಂಡಿ ಹಿಡೀತಾನ. ಸಾಕು ಅಂದ್ರೂ ಬಿಡೂದಿಲ್ಲ. ಅಂಥಾ ಮಗ ಯಾರಿಗದಾನ ಹೇಳು?"

"ಈ ವೈದ್ಯನ್ನ ಯಾರು ಕರಕೊಂಡ ಬಂದದ್ದು?"

"ಅವನ. ಗಾಡಿ ಕಟ್ಟಿಸ್ಕೊಂಡು ಕುಷ್ಟಗಿ ತನಕ ಹೋಗಿದ್ದ."

"ಏನ್ ಕುಡಿಸಿದ ವೈದ್ಯ?"

"ಎಲ್ಲಾ ನಮ್ಮ ಮನೀದ. ಮಧ್ಯಾಹ್ನದಿಂದ ಉಪಾಸ ಇಟ್ಟು, ಬಟ್ಟಲ ತುಂಬ ಕುಸುಬಿ ಎಣ್ಣಿ, ಆರು ನಿಂಬಿಹಣ್ಣಿನ ರಸ. ನಾನ ಹಿಂಡಿ ಕೊಟ್ಟೆ. ಅವ ಮಂತ್ರ ಹಾಕಿ ಕುಡಿಸಿದ. ಮುಂಜಾನಿ ಉಂಡಿ ಬಿದ್ವು."

ಜೈನಾಬೀ ಎದ್ದು ಉಂಡೆಗಳ ಹತ್ತಿರ ಹೋದಳು. ಮುಚ್ಚಳವನ್ನು ಒದ್ದೆ ಬಟ್ಟೆಯ ಮೇಲೆ, ಗೋಡೆಯ ತಂಪು ನೆರಳಿನಲ್ಲಿ ಇಟ್ಟಿದ್ದರು. ಹತ್ತಿರದಲ್ಲೇ ಎಳೆಬಿಸಿಲು ಹರಡಿತ್ತು.

"ಬೆಳಕಿಗೆ ಇಡ್ರಿ ಇದನ್ನ. ಸರಿಯಾಗಿ ಕಾಣವಲ್ಲದು."

"ಬಿಸಲಿಗೆ ಬ್ಯಾಡ," ಎಂದು ದೊಡ್ಡಬಸಪ್ಪ ಓಡಿ ಬಂದ. "ಬಿಸಲು ತಾಕಿದ್ರ ಮದ್ದಿನ ನಂಜು ಗಾಳಿಗೆ ಹತ್ತಿ ಊರಿಗೆ ಹಬ್ಬತೈತಿ."

"ಯಾರರ ಮುಟ್ಟಿ ನೋಡೀರೇನು?"

ಹಿತ್ತಲಲ್ಲಿದ್ದವರೆಲ್ಲ ಅವಳಿಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು. ಹೊಟ್ಟೆಯಿಂದ ಬಿದ್ದ ಮೈಲಿಗೆ, ಅದರ ಮೇಲೆ ಮದ್ದು. ಬಗ್ಗಿ ನೋಡಿದ್ದಕ್ಕೇ ಮನೆಗೆ ಹೋಗಿ ಸ್ನಾನ ಮಾಡುವವರು ಮುಟ್ಟುತ್ತಾರೆಯೇ? ಜೈನಾಬೀ ಹೊರಟಳು. ದಾರಿಯಲ್ಲಿ ಗಾಣದವನ ಬಳಿ ಒಂದು ಬಟ್ಟಲು ಕುಸುಬಿ ಎಣ್ಣೆ ತೆಗೆದುಕೊಂಡಳು. ಸಂತೆಯ ಮೂಲೆಯಲ್ಲಿ ಆರು ನಿಂಬೆಹಣ್ಣು. ಮನೆಗೆ ಹೋಗಿ ಒಂದು ಪತ್ರ ಬರೆದು, ಸ್ಟೇಷನ್ನಿಗೆ ನಡೆದು, ಗದಗಿಗೆ ಹೊರಟಿದ್ದ ರೈಲಿನ ಗಾರ್ಡನ ಕೈಗೆ ಕೊಟ್ಟು ಬಂದಳು. ಮರುದಿನ ಅವಳು ದವಾಖಾನೆಗೆ ಬರಲಿಲ್ಲ. ಹೊಟ್ಟೆ ಸರಿ ಇಲ್ಲವೆಂದು ಹೇಳಿ ಕಳಿಸಿದಳು. ಅದು ಸುಳ್ಳೂ ಆಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಅಳವಂಡಿಯಿಂದ ಶೇಖರಮ್ಮನ ತಂದೆ ವಿರೂಪಾಕ್ಷಪ್ಪ ಬಂದಿದ್ದ. ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಕ್ಕನ ಮುಖವನ್ನಾಗಲಿ ಮಗಳ ಮುಖವನ್ನಾಗಲಿ ನೋಡಲಾಗದೆ ನೆಲ ನೋಡುತ್ತಿದ್ದ. ಶಿವಬಸಮ್ಮ ಇನ್ನೂ ಹಳದಿಯಾಗಿದ್ದಳು. ದೊಡ್ಡಬಸಪ್ಪ ಮಣ್ಣಿನ ಮುಚ್ಚಳವನ್ನು ನೆರಳಿನಲ್ಲಿ ಜೋಪಾನವಾಗಿ ತಂದಿಟ್ಟ.

ಜೈನಾಬೀ ಒಳಗೆ ಬಂದಾಗ ಅವಳ ಮುಖ ಇಳಿದುಹೋಗಿತ್ತು. ಕೈಯಲ್ಲಿ ಬಟ್ಟೆ ಮುಚ್ಚಿದ ಇನ್ನೊಂದು ಮಣ್ಣಿನ ಮುಚ್ಚಳ.

"ಗಂಡಸರು ಕುಂತ ಜಾಗ ಇದು ನರ್ಸಮ್ಮ," ಎಂದ ದೇವೇಂದ್ರಪ್ಪ, ಅದೇ ಮೃದು ದನಿಯಲ್ಲಿ.

"ಹೆಂಗಸಿನ ಬಾಳಿನ ಮಾತು ಐತಲ್ರಿ ಸಾವಕಾರ್ರ. ಎಲ್ಡು ಮಾತು ಕೇಳಿ ಹೋಗ್ತೀನಿ." ಅವಳು ಬಟ್ಟೆ ಸರಿಸಿದಳು. "ವೈದ್ಯರ, ಇವನ್ನ ನೋಡಿ ಹೇಳ್ರಿ. ಏನಿವು?"

ಒಂಬತ್ತು ಉಂಡೆಗಳು. ಹಸಿರು ಬಣ್ಣದವು.

ದೊಡ್ಡಬಸಪ್ಪ ಹುರುಪಿನಿಂದ ಬಗ್ಗಿ ನೋಡಿದ. "ಅದ ಮದ್ದು. ಮತ್ತೊಂದಿಷ್ಟು ಬಿತ್ತೇನು?"

"ಹಾಕಿದವರು ಯಾರು?"

"ಅದ ಕೈ. ಬಣ್ಣ ನೋಡಿದ್ರ ಗೊತ್ತಾಗ್ತೈತಿ. ಒಂದ ಕೈಯಿಂದ ಬಿದ್ದದ್ದು."

"ಖರೇನ?"

"ಬೇಕಾದ್ರ ಆಣಿ ಮಾಡ್ತೀನಿ."

"ಇವು ನನ್ನ ಹೊಟ್ಟ್ಯಾಗಿಂದ ಬಿದ್ದದ್ರಿ," ಎಂದಳು ಜೈನಾಬೀ. "ಮೊನ್ನಿ ಉಪಾಸ ಇದ್ದು, ನಿಮ್ಮ ಲೆಕ್ಕದಂಗ ಕುಸುಬಿ ಎಣ್ಣಿ, ನಿಂಬಿರಸ ಕುಡಿದೆ. ಈ ಮನ್ಯಾಗ ಜಲ್ಮದಾಗ ಒಂದು ತುತ್ತು ಉಂಡಾಕಿ ಅಲ್ಲ ನಾನು. ನನಗೂ ಶೇಖರಮ್ಮನ ಮದ್ದು ಹಾಕಿದ್ಲೇನು?"

ದೊಡ್ಡಬಸಪ್ಪ ತನ್ನ ಮುಚ್ಚಳವನ್ನು ಹತ್ತಿರಕ್ಕೆ ಎಳೆದುಕೊಂಡ.

"ಅತ್ತೀ, ಜಳಕದ ನೀರು ಒಂದು ತಂಬಿಗಿ ಕೊಡ್ರಿ."

ಬಸವಣ್ಣೆಮ್ಮ ಬಿಸಿನೀರು ತಂದಳು. ಜೈನಾಬೀ ಎರಡೂ ಮುಚ್ಚಳದಿಂದ ಒಂದೊಂದು ಉಂಡೆಯನ್ನು ಬೆರಳಿನಿಂದಲೇ ಎತ್ತಿದಳು. ಹಿರಿಯರು ಹಿಂದೆ ಸರಿದರು. ಉಂಡೆಗಳನ್ನು ನೀರಿಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಎರಡೂ ಮೆತ್ತಗಾಗಿ, ಕರಗಿ, ನೀರಿನ ಮೇಲೆ ಹಸಿರು ಎಣ್ಣೆಯಾಗಿ ತೇಲಿದವು.

"ಮೂಸಿ ನೋಡ್ರಿ. ಕುಸುಬಿ ಎಣ್ಣಿ. ಹೊಟ್ಟ್ಯಾಗಿನ ಪಿತ್ತ, ಹುಳಿ ಕೂಡಿ ಎಣ್ಣಿ ಗಟ್ಟಿ ಆಗಿ ಬೀಳ್ತೈತಿ, ಸಾಬೂನು ಕಟ್ಟಿದಂಗ. ಯಾರು ಕುಡಿದ್ರೂ ಬೀಳ್ತೈತಿ. ಬಿಸಲಿಗೆ ಇಡಬ್ಯಾಡ ಅಂದದ್ದು ಇದಕ್ಕ. ಇಟ್ರ ಕರಗಿ ಹೋಗ್ತಿತ್ತು. ನೀವು ಯಾರೂ ಮುಟ್ಟೂದಿಲ್ಲ ಅಂತನೂ ಇವಗ ಗೊತ್ತಿತ್ತು."

"ಹಂಗಾರ ನಮ್ಮಕ್ಕನ ನೋವು?" ಎಂದ ವಿರೂಪಾಕ್ಷಪ್ಪ, ಮೊದಲ ಸಲ ತಲೆ ಎತ್ತಿ.

"ನೋವು ಖರೇ ಐತ್ರಿ. ಗುಂಡಿಗಿ ಅಲ್ಲ, ಜಠರ ಅಲ್ಲ, ಪಿತ್ತಜನಕದ ಕೆಳಗ ಪಿತ್ತ ತುಂಬಿಕೊಳ್ಳೂ ಒಂದು ಸಣ್ಣ ಚೀಲ ಐತಿ. ಅದರಾಗ ಹರಳು ಬೆಳೀತಾವ. ನಾ ಹೈದ್ರಾಬಾದಿನಾಗ ಕೆಲಸ ಕಲೀವಾಗ ಕೊಯ್ದು ತೆಗೆದದ್ದು ನೋಡೀನಿ. ಬಿಸಿನೀರಿಗೆಲ್ಲ ಕರಗೂದಿಲ್ಲ ಅವು. ತುಪ್ಪ, ಎಣ್ಣಿ ಉಂಡ್ರ ಆ ಚೀಲ ಹಿಂಡ್ತೈತಿ, ಹರಳು ಬಾಯಿಗೆ ಸಿಗಬೀಳ್ತೈತಿ, ಜೀವ ಹೋಗೂವಂಥ ನೋವು ಬರ್ತೈತಿ. ಹಬ್ಬಕ್ಕ ಹೋಳಿಗಿ, ಹೋಳಿಗಿಗೆ ತುಪ್ಪ. ಕಿನ್ನಾಳದಾಗ ಉಂಡಾಗನೂ ಅದ ನೋವು, ಆವಾಗ ಶೇಖರಮ್ಮ ನಿಮ್ಮ ಮನ್ಯಾಗ ಬಾಣಂತಿ. ಇಂಥಾಕಿಗೆ ಈ ಮಹಾರಾಯ ಬಟ್ಟಲಗಟ್ಲೆ ಎಣ್ಣಿ ಕುಡಿಸ್ಯಾನ. ಹರಳು ಮುಂದ ಜಾರಿ ಪಿತ್ತದ ದಾರಿ ಕಟ್ಟೈತಿ, ಅದಕ್ಕ ಕಣ್ಣು ಹಳದಿ. ಇನ್ನ ಚಳಿಜ್ವರ ಒಂದು ಬಂತಂದ್ರ ನಮ್ಮ ಕೈಯಾಗ ಏನೂ ಇಲ್ಲ."

ದೊಡ್ಡಬಸಪ್ಪ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಬಸವಣ್ಣೆಮ್ಮ ಪಾತ್ರೆ ತಿಕ್ಕುವ ಬೂದಿಗೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು.

"ಕುಂದುರ್ರಿ ವೈದ್ಯರ," ಎಂದಳು ಜೈನಾಬೀ. "ಕುಷ್ಟಗಿಯವರಿಗೆ ಈ ಮನ್ಯಾಗ ಯಾವ ಹಬ್ಬಕ್ಕ ನೋವು ಬಂತು ಅಂತ ಹೆಂಗ ಗೊತ್ತಾತು? ಯಾರು ಹೇಳಿದ್ರು?"

ದೊಡ್ಡಬಸಪ್ಪನ ಕಣ್ಣು ದೇವೇಂದ್ರಪ್ಪನ ಕಡೆ ಹೋಯಿತು. ಹೋದದ್ದನ್ನು ಎಲ್ಲರೂ ನೋಡಿದರು.

"ನಾ ಹೇಳಿರಬಹುದು," ಎಂದ ದೇವೇಂದ್ರಪ್ಪ. "ಅವ್ವನ ಚಿಂತಿಯಾಗ ಹೇಳೀನಿ. ನನಗೇನ್ ಗೊತ್ತು, ಹರಳು ಅಂತ?"

"ನಿಮಗ ಗೊತ್ತಿತ್ರಿ." ಜೈನಾಬೀ ಅವನ ಕಡೆ ತಿರುಗಿದಳು. "ಮೊನ್ನಿ ನಿಮ್ಮ ಮುಂದನ ಅಮ್ಮಾರ ಪಕ್ಕೆಲಬಿನ ಕೆಳಗ ಬೆರಳು ಇಟ್ಟೆ. ಆಮ್ಯಾಲ ರೋಗಿಗೆ ಉಸಿರು ಎಳಕೋ ಅಂತ ನಾವು ಹೇಳಬೇಕು. ಚೀಲ ಬಾತಿದ್ರ ಉಸಿರು ಅರ್ಧಕ್ಕ ಕಟ್ತೈತಿ, ಅದ ಪರೀಕ್ಷಾ. ನಾ ಹೇಳಲೇ ಇಲ್ಲ. ಅಮ್ಮಾರ ತಾವ ಎಳಕೊಂಡ್ರು. ದವಾಖಾನಿ ಹೊಸ್ತಿಲ ತುಳಿಯದಾಕಿಗೆ ಇದನ್ನ ಯಾರು ಕಲಿಸಿದ್ರು?"

ಶಿವಬಸಮ್ಮ ಮಂಚದ ಮೇಲೆ ಮೊಣಕೈ ಊರಿ ಎದ್ದಳು. "ಮಾನೌಮಿ ಮುಂದ ದೇವು ಗದಗಿಗೆ ಕರಕೊಂಡ ಹೋಗಿದ್ದ. ಡಾಕ್ಟರು ಹಂಗ ಬೆರಳು ಇಟ್ಟು ಉಸಿರು ಎಳಕೋ ಅಂದಿದ್ರು. ಮಂದಿಗೆ ಹೇಳಬ್ಯಾಡವ್ವ, ನಗತಾರ ಅಂತ ಇವ ಅಂದ. ಬರೀ ವಾಯು ಐತಿ, ತುಪ್ಪ ಹೆಚ್ಚಿಗಿ ಉಣ್ಣಬೇಕು ಅಂತ ಡಾಕ್ಟರು ಹೇಳ್ಯಾರ ಅಂದ."

"ಡಾಕ್ಟರು ಹೇಳಿದ್ದು ಇಲ್ಲೈತ್ರಿ." ಜೈನಾಬೀ ಕುಪ್ಪಸದಿಂದ ಮಡಚಿದ ಕಾಗದ ತೆಗೆದಳು. "ಅಲ್ಲಿ ನರ್ಸು ಹಸೀನಾಬೇಗಂ ನನ್ನ ಜೊತಿ ಕಲಿತಾಕಿ. ರಿಜಿಸ್ಟರ್ ನೋಡಿ ಬರೆದು ಕಳಿಸ್ಯಾಳ. 'ಕೊಪ್ಪಳದ ಶಿವಬಸಮ್ಮ. ಪಿತ್ತಚೀಲದಲ್ಲಿ ಹರಳು. ತುಪ್ಪ, ಎಣ್ಣೆ, ಕರಿದದ್ದು ಸಂಪೂರ್ಣ ಬಿಡಬೇಕು. ಎರಡು ತಿಂಗಳೊಳಗೆ ಆಪರೇಷನ್. ಮಗನಿಗೆ ವಿವರವಾಗಿ ತಿಳಿಸಲಾಗಿದೆ.'"

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು.

"ಅವ್ವ ಇರೂತನಕ ಗಂಗಾವತಿ ಸಂಬಂಧ ಆಗೂದಿಲ್ಲ. ಅವ್ವನ ಬಾಯಿಂದನ ಸೊಸಿನ್ನ ಹೊರಗ ಹಾಕಿಸಿದ್ರ ಆಗ್ತೈತಿ. ಅದು ಆಗಲಿಲ್ಲ ಅಂದ್ರ ಅವ್ವ ಸತ್ರೂ ಆಗ್ತೈತಿ. ಎಲ್ಲಾ ಕಡಿಂದ ಲಾಭ. ಸ್ವಂತ ತಾಯಿಯ ನೋವನ್ನ ಹಿಡಕೊಂಡು ಸ್ವಂತ ಹೆಂಡತಿನ್ನ ಹೊಡದ್ರಿ ನೀವು, ಸಾವಕಾರ್ರ."

ದೇವೇಂದ್ರಪ್ಪ ಹಿರಿಯರ ಕಡೆ ತಿರುಗಿದ. ಆಗಲೂ ದನಿ ಏರಲಿಲ್ಲ. "ನಾ ಇಸ ಹಾಕೀನೇನ್ರಿ? ತುಪ್ಪ ಹಾಕೀನಿ. ತಾಯಿಗೆ ತುಪ್ಪ ಬಡಸೂದು ತಪ್ಪೇನು?"

ಈ ಮಾತಿಗೆ ಯಾವ ಪೊಲೀಸ್ ಅಮೀನನೂ ಬೇಡಿ ತೊಡಿಸುವುದಿಲ್ಲ ಎಂಬುದು ಜೈನಾಬೀಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಶಿವಬಸಮ್ಮ ಮಗನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಮ್ಮನ ಕಡೆ ಮುಖ ಮಾಡಿದಳು.

"ವಿರೂಪಾಕ್ಷಿ, ಇವತ್ತಿನ ಗಾಡಿಗೆ ಗದಗಿಗೆ ನಾಕು ಟಿಕೀಟು ತಗಸು. ನನಗ, ನಿನಗ, ಶೇಖರಿಗೆ, ಈ ನರ್ಸಮ್ಮಗ. ಕೂಸಿಗೆ ಬೇಕಾಗಂಗಿಲ್ಲ." ಮಗನತ್ತ ಬೆರಳು ತೋರಿಸಿದಳು. "ಇವಗೂ ಬೇಕಾಗಂಗಿಲ್ಲ. ನಾ ತಿರುಗಿ ಬರೂದ್ರಾಗ ಇವ ಈ ಮನಿ ಬಿಟ್ಟಿರಬೇಕು. ಮನಿ ನನ್ನ ಗಂಡ ನನ್ನ ಹೆಸರಿಗೆ ಬರದಾನ. ಗಂಗಾವತ್ಯಾಗ ಗಿರಣಿ ಐತಲ್ಲ, ಅಲ್ಲಿ ಇರ್ಲಿ."

ದೇವೇಂದ್ರಪ್ಪ ಏನೋ ಹೇಳಲು ಹೋದ. ಹಿರಿಯರು ಎದ್ದು ಚಪ್ಪಲಿ ಹುಡುಕತೊಡಗಿದರು, ಅವನನ್ನು ನೋಡುವುದನ್ನು ತಪ್ಪಿಸಿಕೊಳ್ಳಲು.

ಮಾತಾಡಿ ಮುದುಕಿಗೆ ಬಾಯಿ ಒಣಗಿತ್ತು. "ಶೇಖರಿ," ಎಂದಳು, "ನೀರು ಕೊಡವ್ವ."

ಶೇಖರಮ್ಮ ತಂಬಿಗೆ ತಂದಳು. ಮಂಚದ ಮುಂದೆ ನಿಂತಳು. ಐದು ದಿನದ ರೂಢಿ—ಯಾರೂ ಹೇಳದಿದ್ದರೂ ಕೈ ತಾನಾಗಿ ಮೇಲೆದ್ದಿತು, ತಲೆ ಹಿಂದಕ್ಕೆ ಬಾಗಿತು, ಬಾಯಿ ತೆರೆಯಿತು.

ಜೈನಾಬೀ ಮುಖ ತಿರುಗಿಸಿಕೊಂಡಳು. ಅಷ್ಟೆಲ್ಲ ಕೇಳಿಯೂ ಬಾರದ ಕಣ್ಣೀರು ಈಗ ಬಂತು.

ಶಿವಬಸಮ್ಮ ಪಕ್ಕೆಯ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು ಮಂಚದಿಂದ ಮುಂದಕ್ಕೆ ಬಾಗಿದಳು. ಸೊಸೆಯ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. ತಂಬಿಗೆಯನ್ನು ಅವಳ ಕೈಯಿಂದಲೇ ತೆಗೆದುಕೊಂಡು, ತಾನು ಮೊದಲು ಕುಡಿದಳು. ನೀರು ಮುಗಿಯುವತನಕ ಆ ಮಣಿಕಟ್ಟನ್ನು ಬಿಡಲಿಲ್ಲ.